ಬಾಬೋ ನಿಲ್ಲುವ ಮೂಲೆ

"ಒಂದು, ಎರಡು, ನೂಕ್ರೋ!"

ಅಂಚೆಯವಳ ವ್ಯಾನು ಗುರ್ರೆಂದು ಹಿಮವನ್ನು ಉಗುಳಿತೇ ಹೊರತು ಮುಂದೆ ಹೋಗಲಿಲ್ಲ. ಹಿಂದೆ ನಿಂತು ನೂಕುತ್ತಿದ್ದವರು ಎದುರುಮನೆಯ ಸಾಲ್ ತಾತ, ಅವರ ಮೊಮ್ಮಗ ವಿನ್ನಿ ಮತ್ತು ಮೆರೀಮಾ. ವ್ಯಾನಿನ ಹಿಂಬದಿಯ ಎಡ ಮೂಲೆಯಲ್ಲಿ ಮಾತ್ರ ಯಾರೂ ಇರಲಿಲ್ಲ.

ಅದು ಮೆರೀಮಾಳ ಅಪ್ಪನ ಜಾಗ. ಅಮೆರಿಕದ ಯುಟಿಕಾ ಊರಿನ ಆ ಇಳಿಜಾರು ಬೀದಿಯಲ್ಲಿ ಯಾರ ಕಾರು ಹಿಮದಲ್ಲಿ ಹೂತುಕೊಂಡರೂ ಎಡ ಮೂಲೆಗೆ ಭುಜ ಆನಿಸುತ್ತಿದ್ದವನು ಅವನೇ. ಅವನು ಒಮ್ಮೆ "ಹೂಂ" ಎಂದರೆ ಸಾಕು, ಕಾರು ಮೇಲೇಳುತ್ತಿತ್ತು.

ಇಂದು ಆ ಅಪ್ಪ, ಅವಳ ಬಾಬೋ, ಮನೆಯ ಮೆಟ್ಟಿಲ ಮೇಲೆ ಕೋಟಿನ ಜೇಬುಗಳಲ್ಲಿ ಎರಡೂ ಕೈ ಇಟ್ಟುಕೊಂಡು ನಿಂತಿದ್ದ. ಸುಮ್ಮನೆ ನೋಡುತ್ತಿದ್ದ.

ಹೇಗೋ ಏನೋ, ವ್ಯಾನು ಕೊನೆಗೂ ಹೊರಬಂತು. ವಿನ್ನಿ ಕೈಗವಸಿನ ಹಿಮ ಕೊಡವುತ್ತಾ ಮೆರೀಮಾಳ ಪಕ್ಕಕ್ಕೆ ಬಂದ.

"ನಿಮ್ಮಪ್ಪ ನಡೀತಾರೆ, ನಗ್ತಾರೆ, ಕಾಫಿ ಕುಡೀತಾರೆ. ನೂಕೋಕೆ ಮಾತ್ರ ಆಗಲ್ವಾ? ಸೂಪರ್ ಕಣೇ! ಮನೇಲಿದ್ರೂ ಸಂಬಳ!"

"ಬಾಯ್ಮುಚ್ಚೋ ಬೆಪ್ಪೆ," ಎಂದು ಸಾಲ್ ತಾತ ಅವನ ಟೋಪಿಯನ್ನು ಕಣ್ಣಿನವರೆಗೂ ಎಳೆದುಬಿಟ್ಟರು.

ಆದರೆ ಆ ಮಾತು ಮೆರೀಮಾಳ ಕಿವಿಗೆ ಬಿದ್ದಾಗಿತ್ತು. ಅದು ಕರಗುವ ಹಿಮವಾಗಿರಲಿಲ್ಲ.

ಅಡುಗೆಮನೆಯಲ್ಲಿ ಅಮ್ಮ ಹಿಟ್ಟನ್ನು ಮೇಜಿನ ತುಂಬ ತೆಳ್ಳಗೆ ಎಳೆದು, ಚೀಸ್ ಹರಡಿ, ಪೀತಾ ಸುತ್ತುತ್ತಿದ್ದಳು.

"ಅಮ್ಮ, ಬಾಬೋ ಒಂದು ಕೈಯಲ್ಲಾದ್ರೂ ನೂಕಬಹುದಿತ್ತಲ್ವಾ? ಎಲ್ಲರೂ ನೋಡ್ತಿದ್ರು. ನಂಗೆ ನಾಚಿಕೆ ಆಯ್ತು."

ಅಮ್ಮನ ಕೈ ನಿಂತಿತು. "ಗೋದಾಮಿನಲ್ಲಿ ಆ ಪೆಟ್ಟಿಗೆಗಳು ಬಾಬೋನ ಭುಜದ ಮೇಲೆ ಬಿದ್ದಿದ್ದು ಮರೆತುಹೋಯ್ತಾ?"

"ಮರೆತಿಲ್ಲ. ಆದ್ರೆ ಕಟ್ಟು ಬಿಚ್ಚಿದಾರಲ್ಲ?"

"ಕಟ್ಟು ಬಿಚ್ಚಿದ್ರು, ಒಳಗಿನ ಗಾಯ ಇನ್ನೂ ಮಾಗಿಲ್ಲ. ಹಾಲಿನ ಸಣ್ಣ ಕ್ಯಾನಿಗಿಂತ ಭಾರ ಎತ್ತಬೇಡಿ, ಏನೂ ನೂಕಬೇಡಿ ಅಂದಿದಾರೆ ಡಾಕ್ಟರ್."

"ಕೆಲಸಕ್ಕೇ ಹೋಗದೆ ಸಂಬಳ ತಗೋತಾರೆ ಅಂತಾನೆ ವಿನ್ನಿ."

"ಕೇಳು ಇಲ್ಲಿ. ಕೆಲಸದ ಜಾಗದಲ್ಲಿ ಪೆಟ್ಟಾದ್ರೆ ಆಸ್ಪತ್ರೆ ಖರ್ಚನ್ನ ಗೋದಾಮಿನವರ ವಿಮಾ ಕಂಪನಿನೇ ಕೊಡಬೇಕು. ವಾಸಿ ಆಗೋವರೆಗೆ ಸಂಬಳದ ಒಂದು ಪಾಲನ್ನೂ ಕೊಡಬೇಕು. ಅದು ಕಾನೂನು. ನಿಮ್ಮ ಬಾಬೋ ಯಾರ ಹತ್ರಾನೂ ಭಿಕ್ಷೆ ಕೇಳಿಲ್ಲ." ಅಮ್ಮ ಹಿಟ್ಟಿನ ಬೆರಳಲ್ಲೇ ಪರದೆಯನ್ನು ಸ್ವಲ್ಪ ಸರಿಸಿದಳು. "ಆ ಬೂದು ಕಾರು ನೋಡು."

ಬೀದಿಯ ಆಚೆ ಅಂಚಿನಲ್ಲಿ, ಎಲೆಯುದುರಿದ ಮೇಪಲ್ ಮರದ ಕೆಳಗೆ, ಒಂದು ಕಾರು ನಿಂತಿತ್ತು. ಒಳಗೆ ಯಾರೋ ಕುಳಿತಿದ್ದರು.

"ಅವನನ್ನ ಆ ವಿಮಾ ಕಂಪನಿಯವರೇ ಕಳಿಸಿದಾರೆ. ಬಾಬೋ ಭಾರ ಎತ್ತೋದನ್ನ ಕ್ಯಾಮೆರಾದಲ್ಲಿ ಹಿಡಿಯೋಕೆ ಕಾಯ್ತಿದಾನೆ. ಒಂದೇ ಒಂದು ಫೋಟೋ ಸಿಕ್ರೂ ಸಾಕು, ಇವನಿಗೆ ಏನೂ ಆಗಿಲ್ಲ ಅಂತ ಎಲ್ಲಾ ನಿಲ್ಲಿಸಿಬಿಡ್ತಾರೆ."

ಮೆರೀಮಾ ಕಿಟಕಿಯಿಂದ ಹಿಂದೆ ಸರಿದಳು. "ಬಾಬೋಗೆ ಗೊತ್ತಾ?"

"ನನಗಿಂತ ಮೊದಲೇ."

ಮಧ್ಯಾಹ್ನವೆಲ್ಲ ಹಿಮ ಸುರಿಯಿತು. ಆಕಾಶ ತನ್ನ ಹಳೆಯ ಹಾಸಿಗೆಯನ್ನು ಹರಿದು ಹತ್ತಿಯನ್ನೆಲ್ಲ ಕೊಡವಿದಂತಿತ್ತು. ಹಿಮ ತಳ್ಳುವ ಲಾರಿ ಬಂದು, ರಸ್ತೆಯ ಹಿಮವನ್ನೆಲ್ಲ ಬದಿಗೆ ಸರಿಸಿ, ಬೂದು ಕಾರಿನ ಸುತ್ತ ಒಂದು ಗೋಡೆಯನ್ನೇ ಕಟ್ಟಿ ಹೋಯಿತು.

ಸ್ವಲ್ಪ ಹೊತ್ತಿಗೆ ಬೀದಿಯಲ್ಲಿ ಕೀರಲು ದನಿ ಕೇಳಿಸಿತು. ಬೂದು ಕಾರಿನ ಚಕ್ರಗಳು ನಿಂತಲ್ಲೇ ಗಿರಗಿರನೆ ತಿರುಗುತ್ತಿದ್ದವು.

ಸಾಲ್ ತಾತ ಸಲಿಕೆ ಹಿಡಿದು ಹೊರಬಂದವರು ಕಾರನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟರು. "ಓಹೋ, ಇವನಾ! ಏಪ್ರಿಲ್‌ವರೆಗೂ ಇಲ್ಲೇ ಇರ್ಲಿ ಬಿಡಿ. ಹಿಮದ ಫೋಟೋ ತಗೊಳ್ಲಿ, ಬೇಕಾದಷ್ಟಿದೆ!"

ಬಾಬೋ ಆಗಲೇ ಮೆಟ್ಟಿಲಿಗೆ ಬಂದಿದ್ದ. ಕೈಗಳು ಜೇಬಿನಲ್ಲೇ ಇದ್ದವು.

"ಸಾಲ್, ಹೂತ್ಕೊಂಡಿರೋ ಕಾರು ಯಾರದು ಅಂತ ಈ ಬೀದೀಲಿ ನಾವು ಯಾವತ್ತಾದ್ರೂ ಕೇಳಿದೀವಾ?"

ಸಾಲ್ ತಾತ ಸಲಿಕೆಯನ್ನು ಹಿಮಕ್ಕೆ ಚುಚ್ಚಿದರು. "ಥೂ, ನಿನ್ನ ಒಳ್ಳೇತನಕ್ಕಿಷ್ಟು ಬೆಂಕಿ ಹಾಕ! ವಿನ್ನೀ, ಬಾರೋ ಇಲ್ಲಿ!"

ಮೆರೀಮಾಳೂ ಓಡಿದಳು. ತಾತ ಚಕ್ರಗಳ ಸುತ್ತ ಹಿಮ ಕೆರೆದರು. ಮೂವರೂ ನೂಕಿದರು. ಕಾರು ಒಂದಿಷ್ಟು ಮೇಲೆದ್ದು ಮತ್ತೆ ತನ್ನ ಗುಂಡಿಗೇ ಜಾರಿತು. ಮತ್ತೊಮ್ಮೆ ನೂಕಿದರು. ಮತ್ತೆ ಜಾರಿತು. ತಾತನ ಮುಖ ಬೀಟ್‌ರೂಟಿನಂತೆ ಕೆಂಪೇರಿತು.

"ಇನ್ನೊಬ್ಬರು ಬೇಕು," ಎಂದರು ಏದುಸಿರು ಬಿಡುತ್ತಾ. "ಇನ್ನೊಂದೇ ಒಂದು ಭುಜ ಇದ್ದಿದ್ರೆ..."

ಮೆರೀಮಾ ತಿರುಗಿ ನೋಡಿದಳು. ಬಾಬೋನ ಕೈಗಳು ಜೇಬಿನಿಂದ ಹೊರಬಂದಿದ್ದವು. ಒಂದು ಕಾಲು ಕೆಳಗಿನ ಮೆಟ್ಟಿಲಿನ ಮೇಲಿತ್ತು. ಕಾರಿನ ಸೀಟಿನ ಮೇಲೆ ಕ್ಯಾಮೆರಾದ ಕಪ್ಪು ಕಣ್ಣು ಮೇಲ್ಮುಖವಾಗಿ ಮಲಗಿತ್ತು.

"ಬಾಬೋ, ಬೇಡ!"

ಕಾಲು ಅಲ್ಲೇ ನಿಂತಿತು. ಅವನ ಮುಖದಲ್ಲಿ ಏನೋ ಒಂದು ದೊಡ್ಡದಾಗಿ ಎದ್ದು, ಮೆಲ್ಲಗೆ ಕುಳಿತುಕೊಂಡಿತು. ಅವನು ಕಾಲನ್ನು ಹಿಂದಕ್ಕೆ ತೆಗೆದುಕೊಂಡ. ಕೈಗಳು ಮತ್ತೆ ಜೇಬು ಸೇರಿದವು. ಆಮೇಲೆ ಅವನ ದನಿ ಬಂತು, ಬೀದಿಗೆಲ್ಲ ಕೇಳುವಂತೆ.

"ವಿನ್ನೀ, ಕಾರೊಳಗಿನ ಮ್ಯಾಟ್ ತೆಗೆದು ಮುಂದಿನ ಚಕ್ರದ ಕೆಳಗೆ ಸಿಕ್ಕಿಸು. ಡ್ರೈವರ್, ಮೆಲ್ಲಗೆ ಒತ್ತಿ, ಅವಸರ ಬೇಡ. ಸಾಲ್, ಒಂದೇ ಸಲ ನೂಕಬೇಡಿ. ತೊಟ್ಟಿಲು ತೂಗ್ದಂಗೆ ತೂಗಿ. ಮುಂದೆ... ಬಿಡಿ. ಮುಂದೆ... ಬಿಡಿ."

ಮೆರೀಮಾ ಬಲಗಡೆಯಿಂದ ಸರಿದು ಬಂದು ಎಡ ಮೂಲೆಯಲ್ಲಿ ನಿಂತಳು. ಹೋಗೆಂದು ಯಾರೂ ಹೇಳಿರಲಿಲ್ಲ. ತಣ್ಣನೆಯ ತಗಡಿಗೆ ಭುಜ ಆನಿಸಿದಳು.

ಆ ಮೂಲೆಯಿಂದ ಅವರ ಮನೆಯ ಮೆಟ್ಟಿಲು ನೇರವಾಗಿ ಕಾಣುತ್ತಿತ್ತು.

"ಮುಂದೆ..." ಎಂದಾಗಲೆಲ್ಲ ಬಾಬೋನ ಮೈ ಮುಂದಕ್ಕೆ ಬಾಗುತ್ತಿತ್ತು. ಪಾದಗಳು ಮಾತ್ರ ಬೇರೂರಿದಂತೆ ಅಲ್ಲೇ ಇದ್ದವು. ಜೇಬುಗಳು ಎರಡು ಕಲ್ಲು ತುಂಬಿದಂತೆ ಉಬ್ಬಿದ್ದವು. ಅವು ಮುಷ್ಟಿಗಳೆಂದು ಅವಳಿಗೆ ತಿಳಿಯಿತು. ಬೆಳಿಗ್ಗೆ ವ್ಯಾನು ನೂಕುವಾಗಲೂ ಹೀಗೇ ಇದ್ದಿರಬೇಕು. ಆಗ ಅವಳು ಬಲಗಡೆ ಇದ್ದಳು. ಕಂಡಿರಲಿಲ್ಲ.

"ಬಿಡಿ... ಈಗ! ಹೂಂ!"

ಕಾರು ಮ್ಯಾಟಿನ ಮೇಲೆ ಹತ್ತಿ, ಹಿಮದ ಗೋಡೆಯನ್ನು ಮುರಿದು, ರಸ್ತೆಗೆ ಬಂದು ನಿಂತಿತು. ವಿನ್ನಿ ಮಂಡಿಯೂರಿ ಬಿದ್ದವನು ಅಲ್ಲಿಂದಲೇ ಕೇಕೆ ಹಾಕಿದ.

ಕಾರಿನವನು ಇಳಿದ. ಚಿಕ್ಕ ವಯಸ್ಸಿನವನು. ಆಫೀಸಿಗೆ ಹಾಕುವ ತೆಳು ಶೂಗಳು ಹಿಮದಲ್ಲಿ ಮುಳುಗಿದ್ದವು. ಎಲ್ಲರಿಗೂ ಥ್ಯಾಂಕ್ಸ್ ಎಂದ. ಮೆಟ್ಟಿಲ ಕಡೆ ನೋಡಿದವನು ತಟ್ಟನೆ ಕಾರಿನ ಬಾಗಿಲಿಗೆ ಕೈ ಹಾಕಿದ.

ಬಾಬೋನೇ ಕೇಳಿದ. "ಕ್ಯಾಮೆರಾ ಒದ್ದೆ ಆಗಿಲ್ಲ ತಾನೆ?"

ಸಾಲ್ ತಾತ ಸಲಿಕೆಗೆ ಒರಗಿಕೊಂಡು ಕೆಮ್ಮು ಬರುವಷ್ಟು ನಕ್ಕರು.

"ಇಲ್ಲ ಸರ್," ಎಂದ ಆ ಹುಡುಗ ನೆಲ ನೋಡುತ್ತಾ. ಕಾರು ಹತ್ತಿ, ಬಾಗಿಲು ಮುಚ್ಚುವ ಮುನ್ನ ತಲೆಯೆತ್ತಿದ. "ಭುಜ... ಬೇಗ ಹುಷಾರಾಗ್ಲಿ, ಸರ್."

ಬೂದು ಕಾರು ತಿರುವಿನಲ್ಲಿ ಮರೆಯಾಯಿತು. ಅದು ನಾಳೆಯೂ ಬರಬಹುದು. ಬರಲಿ.

ವಿನ್ನಿ ಪ್ಯಾಂಟಿನ ಹಿಮ ಒರೆಸಿಕೊಳ್ಳುತ್ತಾ ಮೆಲ್ಲಗೆ ಹೇಳಿದ, "ನಿಮ್ಮಪ್ಪ ಇವತ್ತೂ ನೂಕಲಿಲ್ಲ ಕಣೇ."

"ಇಲ್ಲ," ಎಂದಳು ಮೆರೀಮಾ. ಇಡೀ ಬೀದಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು. "ಒಂದು ಸಲಾನೂ ನೂಕಲಿಲ್ಲ!"

ಮನೆಯೊಳಗಿಂದ ಬೆಂದ ಪೀತಾದ ವಾಸನೆ ಬರುತ್ತಿತ್ತು. ಅವಳು ಮೆಟ್ಟಿಲು ಹತ್ತಿ ಬಾಬೋನ ಪಕ್ಕದಲ್ಲಿ ನಿಂತಳು. ಒದ್ದೆಯಾದ ಕೈಗವಸು ಕಳಚಿ, ಮರಗಟ್ಟಿದ ತನ್ನ ಕೈಯನ್ನು ಅವನ ಜೇಬಿನೊಳಗೆ ತೂರಿಸಿದಳು.

ಅಲ್ಲಿ ಮುಷ್ಟಿ ಇನ್ನೂ ಬಿಗಿಯಾಗಿಯೇ ಇತ್ತು. ಅವಳು ಕಾದಳು. ಸ್ವಲ್ಪ ಹೊತ್ತಿನ ಮೇಲೆ ಅದು, ಒಂದೊಂದೇ ಬೆರಳಾಗಿ, ಬಿಚ್ಚಿಕೊಂಡಿತು.