ಕುಂಕುಮವಿಟ್ಟ ಸ್ವಿಚ್

ದೇವರ ಮುಂದೆ ನಿಂತು ಹೇಳುವಂತೆ ಹೇಳುತ್ತಿದ್ದೇನೆ. ಕಾರಿನ ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗುತ್ತಿರಲಿಲ್ಲವೆಂದು ಉಧ್ನಾ ಬಡಾವಣೆಯ ಮೆಕ್ಯಾನಿಕ್ ಸ್ಟೇರಿಂಗ್ ಪಕ್ಕ ಬೇರೆ ಸ್ವಿಚ್ ಹಾಕಿಕೊಟ್ಟ. ನನ್ನ ಹೆಂಡತಿ ರಮಾಮಣಿ ಅದಕ್ಕೂ ಕುಂಕುಮವಿಟ್ಟು ಕೈಮುಗಿದಳು.

ಮಟಮಟ ಮಧ್ಯಾಹ್ನ ಅಡಾಜಣ್ ಬಡಾವಣೆಯ ನಮ್ಮ ಮನೆ ಮುಂದೆ ಎಂಜಿನ್ನನ್ನೂ ಸ್ವಿಚ್ಚನ್ನೂ ಆರಿಸಿದೆ. ಫ್ಯಾನಿನ ಸದ್ದು ನಿಲ್ಲಲಿಲ್ಲ. ನಾನೂ ರಮಾಮಣಿಯೂ ಇಳಿದು ಬಾನೆಟ್ ಎತ್ತಿದೆವು. ರೆಕ್ಕೆಗಳು ಅಲುಗದೆ ನಿಂತಿದ್ದವು. ಆದರೂ ಸದ್ದು ಬರುತ್ತಲೇ ಇತ್ತು. ಕಾದ ರೇಡಿಯೇಟರಿನಿಂದ ಹಳೆಯ ಬಾವಿಯೊಳಗಿನಂಥ ತಣ್ಣನೆಯ ಗಾಳಿ ಮುಖಕ್ಕೆ ಬೀಸುತ್ತಿತ್ತು.

“ರೀ, ಮಗು ಕಾರೊಳಗೆ ಒಬ್ಳೇ ಇದಾಳೆ.”

ಓಡಿ ಬಾಗಿಲು ತೆಗೆದೆ. ಹಿಂದಿನ ಸೀಟಿನಲ್ಲಿ ನಮ್ಮ ಮಗಳು ಮೇದಿನಿ ನಿದ್ದೆಯಲ್ಲಿದ್ದಳು. ಸ್ವಿಚ್ಚಿನ ಮೇಲಿನ ಕುಂಕುಮ ಕಾಣಲಿಲ್ಲ.

“ಇವ್ಳ ಹಣೆಗೆ ನೀನು ಇಟ್ಯಾ?”

“ಇಲ್ಲಾರೀ.”

ಮಗುವಿನ ಹಣೆಯಲ್ಲಿ ಹೆಬ್ಬೆರಳೊತ್ತಿದ ಕೆಂಪು ಗುರುತಿತ್ತು. ಪಕ್ಕದಲ್ಲಿ ನನ್ನ ಹೆಬ್ಬೆರಳು ಹಿಡಿದು ನೋಡಿದೆ. ಆ ಗುರುತು ನನ್ನ ಬೆರಳಿನ ಎರಡರಷ್ಟು ಅಗಲವಿತ್ತು.