ಎಸಿ ಮತ್ತೆ ಕೈಕೊಟ್ಟಿತು

"ಮತ್ತೆ ಬಂದ್ರಾ?"

ಮೆಕ್ಯಾನಿಕ್ ನಗುತ್ತಲೇ ಕೇಳಿದ. ಆ ನಗು ಕಂಡು ಅವಳ ಮೈಯೆಲ್ಲ ಉರಿದುಹೋಯಿತು.

ಬರದೆ ಇನ್ನೇನು ಮಾಡಬೇಕಿತ್ತು? ಅಪ್ಪ ಕಟ್ಟಿದ ಡ್ರೈವಿಂಗ್ ಸ್ಕೂಲನ್ನು ಈಗ ನಡೆಸುವವಳು ಅವಳು. ಎಲ್ಲರ ಬಾಯಲ್ಲೂ ಟೀಚರಮ್ಮ. ಬೆಳಗಿನಿಂದ ಆ ಕಾರಿನಲ್ಲಿ ಬೆಂದು ಬಸವಳಿದಿದ್ದಳು. ಗುಂಡಿ ಒತ್ತಿದರೆ ಎಸಿ ಆನ್ ಆಗುವುದಿಲ್ಲ, ಫ್ಯಾನ್ ಬಿಸಿಗಾಳಿಯನ್ನೇ ಮುಖಕ್ಕೆ ಊದುತ್ತದೆ. ಕಲಿಯಲು ಬಂದ ಹೆಂಗಸೊಬ್ಬಳಂತೂ ಬೆವರಿದ ಕೈ ಜಾರಿ ಕಾರನ್ನು ಫುಟ್‌ಪಾತ್ ಹತ್ತಿಸಿ, "ನಾಳೆಯಿಂದ ಬರಲ್ಲ" ಎಂದು ಇಳಿದೇ ಹೋಗಿದ್ದಳು.

"ನೀವು ರಿಪೇರಿ ಮಾಡ್ತೀರೋ, ಆಟ ಆಡ್ತೀರೋ? ಒಂದೆರಡು ದಿನ ತಣ್ಣಗಿರುತ್ತೆ, ಆಮೇಲೆ ಮತ್ತೆ ಅದೇ ರಾಗ, ಅದೇ ಹಾಡು. ಬೇಕಂತಲೇ ಅರ್ಧಂಬರ್ಧ ಮಾಡಿ ಕಳಿಸ್ತಿದ್ದೀರಾ?"

ಅವನ ನಗು ಮಾಯವಾಯಿತು. ಬಾನೆಟ್ ಎತ್ತಿ, ಫ್ಯೂಸ್ ಪೆಟ್ಟಿಗೆಯ ಮುಚ್ಚಳ ತೆಗೆದು, "ಇಲ್ಲಿ ನೋಡಿ" ಎಂದ. ಸಾಲಿನಲ್ಲಿ ಒಂದು ಜಾಗ ಖಾಲಿಯಿತ್ತು.

"ಎಸಿ ಕೆಟ್ಟೇ ಇಲ್ಲ. ಪ್ರತಿ ಸಲ ಇದರ ಫ್ಯೂಸನ್ನ ಯಾರೋ ಕಿತ್ತಿರ್ತಾರೆ. ನಾನು ಹೊಸದು ಹಾಕಿ ಕಳಿಸ್ತೀನಿ."

"ಮತ್ತೆ ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

ಅವನು ಕೈ ಒರೆಸುವ ಬಟ್ಟೆಯನ್ನು ತಿರುಚುತ್ತ ನಿಂತ.

"ನೀವೇ ಕೀಳ್ತಿದ್ದೀರಿ ಅಂದ್ಕೊಂಡೆ... ಇಲ್ಲಿಗೆ ಬರೋಕೆ ಒಂದು ನೆಪ ಬೇಕೇನೋ ಅಂತ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಅವಳ ಪಾಡು. 'ಅಯ್ಯೋ, ಇವನಿಗೆ ಗೊತ್ತಾಗಿಬಿಟ್ಟಿತಾ?' ಗಾಬರಿಗೆ ಬಾಯಿಗೆ ಬಂದದ್ದನ್ನು ಅಂದೇಬಿಟ್ಟಳು.

"ಈ ಗ್ರೀಸ್ ಮೆತ್ತಿದ ಮುಖ ನೋಡೋಕೆ ನಾನು ನೆಪ ಹುಡುಕಬೇಕಾ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನು ಹೊಸದೊಂದು ಫ್ಯೂಸ್ ಒತ್ತಿ ಕೂರಿಸಿ ಬಾನೆಟ್ ಮುಚ್ಚಿದ.

"ಇನ್ಮೇಲೆ ಬೇರೆ ಗ್ಯಾರೇಜಿಗೆ ಹೋಗಿ, ಮೇಡಂ."

ಅವನು ಯಾವತ್ತೂ ಅವಳನ್ನು ಮೇಡಂ ಎಂದವನಲ್ಲ. ಕಾರೊಳಗೆ ತಣ್ಣನೆ ಗಾಳಿ ಬೀಸುತ್ತಿತ್ತು. ದಾರಿಯುದ್ದಕ್ಕೂ ಅವಳು ಅತ್ತಳು. ಇನ್ನು ಯಾವ ಮುಖ ಹೊತ್ತು ಅಲ್ಲಿಗೆ ಹೋಗುವುದು?

ಮರುದಿನ ಬೆಳಿಗ್ಗೆ ಅಂಗಳಕ್ಕೆ ಬಂದರೆ ಅಪ್ಪ ಬಕೆಟ್ ಇಟ್ಟುಕೊಂಡು ಕಾರು ತೊಳೆಯುತ್ತಿದ್ದರು. ಬಾನೆಟ್ ತೆರೆದಿತ್ತು. ಅಪ್ಪನ ಬೆರಳ ತುದಿಯಲ್ಲಿ ಉಗುರಿನಷ್ಟು ಅಗಲದ ಫ್ಯೂಸ್.

"ಅಪ್ಪಾ! ನೀವಾ?"

"ಹೂಂ, ನಾನೇ. ಅದಕ್ಯಾಕೆ ಹಂಗೆ ಕಿರುಚ್ತೀಯ?" ಅಪ್ಪನಿಗೆ ಒಂದಿಷ್ಟೂ ಅಳುಕಿಲ್ಲ. "ಎಸಿ ಹಾಕಿ ಗಾಜು ಮುಚ್ಚಿದ್ರೆ ಹಿಂದಿನವನ ಹಾರ್ನ್ ಕೇಳ್ಸುತ್ತಾ? ಗಾಡಿ ಕಲಿಯೋರಿಗೆ ಮೊದಲು ಕಿವಿ ಬೇಕು ಕಣಮ್ಮ. ಹೇಳಿದ್ರೆ ನೀನೆಲ್ಲಿ ಕೇಳ್ತೀಯ? ಅದಕ್ಕೇ ತೊಳೆದಾಗೆಲ್ಲ ಕಿತ್ತಿಡ್ತೀನಿ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇನ್ನೊಂದು ಮಾತಾಡದೆ ಚಪ್ಪಲಿ ಮೆಟ್ಟಿ ನಡೆದೇ ಗ್ಯಾರೇಜಿಗೆ ಹೊರಟಳು.

ಅವನು ಆಗ ತಾನೆ ಷಟರ್ ಎತ್ತುತ್ತಿದ್ದ. ಅವಳ ಹಿಂದೆ ರಸ್ತೆಯತ್ತ ಇಣುಕಿದ.

"ಗಾಡಿ ಎಲ್ಲಿ?"

"ತಂದಿಲ್ಲ. ಫ್ಯೂಸ್ ಕೀಳ್ತಿದ್ದದ್ದು ನಮ್ಮಪ್ಪ. ನೀವು ಅಂದ್ಕೊಂಡಿದ್ದು ತಪ್ಪು."

ಅವನ ಮುಖ ಸಪ್ಪಗಾಯಿತು. "ಸರಿ, ಬಿಡಿ..."

"ಪೂರ್ತಿ ಕೇಳಿ." ಅವಳು ಅವನ ದಾರಿಗೆ ಅಡ್ಡ ನಿಂತಳು. "ಎಸಿ ಕೈಕೊಟ್ಟಾಗೆಲ್ಲ ಎಲ್ಲರ ಮುಂದೆ ಬೈಕೋತಿದ್ದೆ. ಒಳಗೊಳಗೇ ಖುಷಿಪಡ್ತಿದ್ದೆ. ಇಲ್ಲಿಗೆ ಬರಬಹುದಲ್ಲ ಅಂತ. ನಿನ್ನೆ ಅಂದದ್ದು ಸುಳ್ಳು. ನಿಮ್ಮ ಮುಖ ನೋಡದೆ ನನಗೆ ಆಗಲ್ಲ."

ಅವನು ಷಟರಿನಿಂದ ಕೈ ತೆಗೆದ. ಆಮೇಲೆ ಮೆಲ್ಲಗೆ ಬಾಯಿಬಿಟ್ಟ.

"ಮೊದಲ ಸಲಾನೇ ಫ್ಯೂಸ್ ವಿಷಯ ಕೇಳಬಹುದಿತ್ತು. ಕೇಳಿದ್ರೆ ನೀನು ಬರೋದು ನಿಲ್ಲಿಸ್ತೀಯ ಅಂತ ಹೆದರಿಕೆ."

ಅವಳು ಕಣ್ಣೊರೆಸಿಕೊಂಡಳು. ಅವನು ಹತ್ತಿರ ಬಂದ.

"ನಾಳೆನೂ ಬರ್ತೀಯಾ?"

"ಗಾಡಿಗೆ ಏನೂ ಆಗಿಲ್ವಲ್ಲ."

"ಅದಕ್ಕೇ ಕೇಳ್ತಿರೋದು."