ದೀಪ ದೊಡ್ಡದಾಯಿತು

ಸಂಜೆಯೊಳಗೆ ಮರೆಪ್ಪನನ್ನು ವಿಜಾಪುರದ ದೊಡ್ಡ ದವಾಖಾನೆಗೆ ಮುಟ್ಟಿಸಬೇಕು. ಬಂದೇನವಾಜನ ಮುಂದಿದ್ದ ಕೆಲಸ ಇಷ್ಟೇ.

ಅವನು ಬಾಡಿಗೆ ಜೀಪಿನಲ್ಲಿ ಬೀಗರನ್ನು ಇಳಿಸಲು ಕಳ್ಳಕವಟಗಿಗೆ ಬಂದಿದ್ದ. ಅದೇ ಮಧ್ಯಾಹ್ನ ಹೊಲದಲ್ಲಿ ನೊಗ ಬಿಗಿಯುವ ಚರ್ಮದ ಮಿಣಿ ಹೊಲಿಯುತ್ತಿದ್ದ ಮರೆಪ್ಪನ ಕಾಲಿಗೆ ಮಂಡಲದ ಹಾವು ಕಚ್ಚಿತು. ಊರಿನ ನರ್ಸು ಸೋನಾಬಾಯಿಯ ಬಳಿ ಅದಕ್ಕೆ ಔಷಧ ಇರಲಿಲ್ಲ. ಅವಳು ಜೀಪಿನ ಹಿಂದೆ ಗೋಣಿಚೀಲ ಹಾಸಿ ಮರೆಪ್ಪನನ್ನು ಮಲಗಿಸಿ, ತಾನೂ ಹತ್ತಿ ಕುಳಿತಳು. ಚರ್ಮ ಹೊಲಿಯುವ ಚೀಲವನ್ನು ಮಾತ್ರ ಮರೆಪ್ಪ ಎದೆಯಿಂದ ಬಿಡಲಿಲ್ಲ.

ಬ್ಯಾಟರಿಯ ಕೆಂಪು ದೀಪ ಬೆಳಿಗ್ಗೆ ಟಿಕೋಟಾದಲ್ಲೇ ಹೊತ್ತಿತ್ತು. ಡೈನಮೋ ಬ್ಯಾಟರಿಗೆ ಕರೆಂಟು ಕೊಡುತ್ತಿಲ್ಲ ಎಂದು ಅದರ ಅರ್ಥ; ಕೊಡತೊಡಗಿದರೆ ಅದು ಆರುತ್ತದೆ. ಯಾವುದೋ ವೈರು ಸಡಿಲಾಗಿರಬೇಕು, ಆಮೇಲೆ ನೋಡಿದರಾಯಿತು ಎಂದು ಬಂದೇನವಾಜ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ. ಹೊಸ ಬೆಲ್ಟು ಕೊಳ್ಳುವುದನ್ನೂ ಎರಡು ತಿಂಗಳಿಂದ ಹಾಗೆಯೇ ಮುಂದೂಡಿದ್ದ.

ಮೊದಲ ಹಳ್ಳ ದಾಟಿದ್ದೇ ತಡ, ಬಾನೆಟ್ಟಿನಿಂದ ಹಬೆ ಎದ್ದಿತು.

ಜೀಪು ನಿಂತದ್ದು ಒಂದು ಕಲ್ಲು ಮರಡಿಯ ಮೇಲೆ. ಸುತ್ತ ಎರೆಭೂಮಿ ಮಳೆಗೆ ನೆನೆದು ಅಂಟಾಗಿತ್ತು. ಕಾಲಿಟ್ಟರೆ ಚಪ್ಪಲಿ ಅಲ್ಲೇ ಉಳಿಯುವಂಥ ಕೆಸರು. ಒಂದು ಬೇವಿನ ಗಿಡ ಬಿಟ್ಟರೆ ಕಣ್ಣು ಹರಿಯುವಷ್ಟು ದೂರ ಬಯಲು. ನೋಡನೋಡುತ್ತಿದ್ದಂತೆ ಹಿಂದಿನ ಹಳ್ಳ ದಂಡೆ ಮೀರಿತು. ಮುಂದಿನ ಹಳ್ಳವೂ ಕೆಂಪಗೆ ತುಂಬಿ ಹರಿಯುತ್ತಿತ್ತು. ಡೋಣಿ ಹರಿದರೆ ಓಣಿಯೆಲ್ಲ ಜೋಳ ಎಂದು ಇಲ್ಲಿನ ಹೊಳೆಯ ಬಗ್ಗೆ ಅನ್ನುತ್ತಾರೆ. ಅದನ್ನು ಸೇರುವ ಈ ಮರಿ ಹಳ್ಳಗಳ ನಡುವೆ ಸಿಕ್ಕವನ ಪಾಡನ್ನು ಮಾತ್ರ ಯಾರೂ ಕೇಳುವುದಿಲ್ಲ.

ಬಂದೇನವಾಜ ಬ್ಯಾಟರಿಯ ತಂತಿಗಳನ್ನು ಒರೆಸಿ ಬಿಗಿ ಮಾಡಿದ. ಒಳಗಿನ ನೀರು ನೋಡಿದ. ಎರಡೂ ಸರಿ ಇದ್ದವು. ಕೈಯನ್ನು ಇನ್ನೂ ಒಳಗೆ ಹಾಕಿದಾಗ ಹರಿದ ಬೆಲ್ಟಿನ ತುಂಡು ಸಿಕ್ಕಿತು. ಬೆಳಿಗ್ಗೆಯಿಂದ ಜಾರುತ್ತಿದ್ದದ್ದು ಈಗ ಹರಿದೇ ಹೋಗಿತ್ತು. ಡೈನಮೋ, ಫ್ಯಾನು, ನೀರಿನ ಪಂಪು ಮೂರನ್ನೂ ತಿರುಗಿಸುವುದು ಅದೊಂದೇ. ಹೆಗಲ ಟವೆಲು ಹರಿದು ಹೊಸೆದು ಹಾಕಿದ. ಎರಡು ಸಲ ಸ್ಟಾರ್ಟು ಮಾಡಿದ, ಎರಡೂ ಸಲ ಚಿಂದಿಯಾಯಿತು. ಬ್ಯಾಟರಿಯ ಜೀವವೂ ಅಷ್ಟಕ್ಕೆ ಕುಗ್ಗಿತು.

ಮರೆಪ್ಪನ ಕಾಲು ಮೊಣಕಾಲಿನವರೆಗೆ ಬಾತಿತ್ತು, ಒಸಡಿನಲ್ಲಿ ರಕ್ತ ಕಾಣುತ್ತಿತ್ತು. ಇನ್ನೆಷ್ಟು ಹೊತ್ತು ಎಂದು ಬಂದೇನವಾಜ ಕಣ್ಣಲ್ಲೇ ಕೇಳಿದ. ಸೋನಾಬಾಯಿ ಮರೆಪ್ಪನ ನಾಡಿ ಹಿಡಿದು ನೋಡಿದಳು. ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಬೆಳಿಗ್ಗೆ ಆ ದೀಪದ ಮಾತು ಕೇಳಿದ್ದರೆ ಇಷ್ಟೆಲ್ಲ ಎಲ್ಲಿತ್ತು?

ಮಲಗಿದ್ದಲ್ಲಿಂದಲೇ ಮರೆಪ್ಪ ಆ ಬೆಲ್ಟಿನ ತುಂಡು ಕೇಳಿ ಪಡೆದು, ಬೆರಳಲ್ಲಿ ಅಳೆದ.

"ಚೀಲದಾಗ ಮಿಣಿ ಐತ್ರಿ, ಡ್ರೈವರ್ ಸಾಬ್ರ. ತೊಯ್ಸಿ ಕೊಡ್ರಿ, ಹೊಲೀತೇನಿ. ಇಂಜಿನ್ ಕಾವಿಗೆ ಒಣಗಿದಾಂಗ ತಾನಾ ಬಿಗೀತೈತಿ."

ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪ ಹುಡುಕಿದಂತಾಗಿತ್ತು. ಗಂಟು ಹಾಕಿದರೆ ಗಾಲಿಗೆ ಬಡಿಯುತ್ತದೆಂದು ಮರೆಪ್ಪ ಮಿಣಿಯ ಎರಡೂ ತುದಿ ಕೆತ್ತಿ, ಒಂದರ ಮೇಲೊಂದಿಟ್ಟು ದಬ್ಬಳ ಚುಚ್ಚಿದ. ಕಾಲು ಅಲುಗದಂತೆ ಸೋನಾಬಾಯಿ ಹಿಡಿದಿದ್ದಳು. ಒಂದೊಂದು ಹೊಲಿಗೆಗೂ ಅವನ ಹಣೆಯಲ್ಲಿ ಬೆವರು ಒಡೆಯುತ್ತಿತ್ತು. ತನ್ನ ಪ್ರಾಣವನ್ನು ತಾನೇ ಹೊಲಿದುಕೊಳ್ಳುತ್ತಿದ್ದ ಆ ಮನುಷ್ಯನ ಒಂದು ಹೊಲಿಗೆಯೂ ಸೊಟ್ಟಗಾಗಲಿಲ್ಲ.

ಅಷ್ಟರಲ್ಲಿ ಮುಂದಿನ ಹಳ್ಳ ಮೊಣಕಾಲಿನ ಮಟ್ಟಕ್ಕೆ ಇಳಿದಿತ್ತು. ಆದರೆ ಪಡುವಣದಲ್ಲಿ ಮತ್ತೆ ಕಪ್ಪು ಮೋಡ ಕವಿಯುತ್ತಿತ್ತು. ದಾಟಿದರೆ ಈಗಲೇ ದಾಟಬೇಕು.

ಬಂದೇನವಾಜ ಹೊಲಿದ ಮಿಣಿಯನ್ನು ಬೆಲ್ಟಿನ ಜಾಗಕ್ಕೆ ಹಾಕಿದ. ಬ್ಯಾಟರಿಯ ಕೊನೆಯ ಉಸಿರಿಗೆ ಇಂಜಿನ್ ಹತ್ತಿತು. ಒದ್ದೆ ಮಿಣಿ ಮೊದಮೊದಲು ಜಾರಿತು. ಸೋನಾಬಾಯಿಗೆ ಕೆಂಪು ದೀಪದ ಮೇಲೆ ಕಣ್ಣಿಡಲು ಹೇಳಿ, ಬಂದೇನವಾಜ ಎತ್ತಿದ ಬಾನೆಟ್ಟಿನ ಮರೆಯಲ್ಲಿ, ಮಿಣಿ ಬಿಗಿಯಲೆಂದು ಜ್ಯಾಕಿನ ಸರಳಿನಿಂದ ಡೈನಮೋ ಮೀಟಿ ಹಿಡಿದ. ಚರ್ಮದಿಂದ ಹಬೆ ಬಂತು. ಮಿಣಿ ನಿಧಾನಕ್ಕೆ ಬಿಗಿಯಿತು.

"ಏನಾತ್ರಿ ಬಾಯಾರ?"

"ದೀಪ ದೊಡ್ಡದಾತ್ರಿ."

ಬೆಲ್ಟು ತಿರುಗಿಯೂ ದೀಪ ಜೋರಾಯಿತೆಂದರೆ ಡೈನಮೋ ಸುಟ್ಟಿದೆ. ಇಂಜಿನ್ ಬಂದ್ ಮಾಡಿರೆಂದು ಬಂದೇನವಾಜ ಕೂಗಿದ. ಅವಳು ಬೆಪ್ಪಾಗಿ ಕೀ ತಿರುಗಿಸಿದಳು.

ಬಯಲೆಲ್ಲ ಸುಮ್ಮನಾಯಿತು. ದೂರದಲ್ಲಿ ಗುಡುಗಿತು.

ಡೈನಮೋ ಹೋಯಿತು, ದೀಪ ಜೋರಾಗಿದೆಯಲ್ಲ ಎನ್ನುತ್ತ ಅವನು ಅದನ್ನು ಬಿಚ್ಚಲು ಪಾನಾ ಹುಡುಕುತ್ತಿದ್ದಾಗ ಸೋನಾಬಾಯಿ ಕೆಳಗಿಳಿದು ಹತ್ತಿರ ಬಂದು ದನಿ ತಗ್ಗಿಸಿದಳು.

"ಜೋರಾಗಿಲ್ರಿ, ಆರಿತ್ತು. ಒಳಗ ಇಂಥಾ ಮನಿಷಾ ಮಲಗ್ಯಾನ. ಅವನ ಮುಂದ ದೀಪ ಆರಿತು ಅಂತ ಹೆಂಗ ಅನ್ನಲಿ?"

ಬಂದೇನವಾಜ ಹಣೆ ಚಚ್ಚಿಕೊಂಡ. ಅವನ ತಾಯಿ ಪೀರಾಂಬಿಯೂ ಮಲಗುವ ಮುಂಚೆ ಕಂದೀಲು ದೊಡ್ಡದು ಮಾಡು ಅನ್ನುತ್ತಿದ್ದಳೇ ಹೊರತು ಆರಿಸು ಅಂದವಳಲ್ಲ. ಮನೆಯ ದೀಪದ ಮಾತು ಮೋಟಾರಿನ ದೀಪಕ್ಕೂ ನಡೆಯುತ್ತದೆಂದು ಅವನಿಗೆ ಹೊಳೆದಿರಲಿಲ್ಲ. ಸರಿಹೋದ ಗಾಡಿಯನ್ನು ತಾನೇ ಕೊಂದಿದ್ದ.

ಕೀ ತಿರುಗಿಸಿದ. ಟಕ್ ಎಂದಿತು, ಅಷ್ಟೇ.

ಇಂಜಿನ್ ಕೈಯಲ್ಲಿ ತಿರುಗಿಸುವ ಹ್ಯಾಂಡಲ್ ತೆಗೆದು ಜೀಪಿನ ಮೂತಿಗೆ ಸಿಕ್ಕಿಸಿದ. ಒಂದು ಸುತ್ತು. ಇಲ್ಲ. ಎರಡನೆಯ ಸುತ್ತಿಗೆ ಹ್ಯಾಂಡಲ್ ತಿರುಗಿ ಒದ್ದು ಮಣಿಕಟ್ಟು ಉಳುಕಿತು. ಹಲ್ಲು ಕಚ್ಚಿ ಎಡಗೈಯಲ್ಲಿ ಮೂರನೆಯದು.

ಇಂಜಿನ್ ಗುರುಗುಟ್ಟಿತು.

ಜೀಪು ಹಳ್ಳಕ್ಕಿಳಿಯಿತು. ನೀರು ಪಾದ ಮುಟ್ಟಿತು. ಗಾಲಿ ಜಾರಿತು. ಕೆಂಪು ದೀಪ ಮಿಣಕ್ಕೆಂದಿತು, ಮತ್ತೆ ಅಡಗಿತು. ಕಡೆಗೆ ಗಾಲಿಗೆ ಗಟ್ಟಿ ಗರಸು ನೆಲ ಸಿಕ್ಕಿ ಜೀಪು ದಂಡೆ ಹತ್ತಿತು. ಹಿಂತಿರುಗಿ ನೋಡಿದಾಗ ದಾಟಿದ ಜಾಗದಲ್ಲಿ ಹೊಸ ನೀರು ಮುಳ್ಳುಕಂಟಿ ಹೊತ್ತು ನುಗ್ಗುತ್ತಿತ್ತು.

ಟಿಕೋಟಾ ದಾಟಿ ದೂರದಲ್ಲಿ ವಿಜಾಪುರದ ಗುಮ್ಮಟ ಕಂಡಾಗ ಸೂರ್ಯ ಇನ್ನೂ ಮುಳುಗಿರಲಿಲ್ಲ. ದವಾಖಾನೆಯಲ್ಲಿ ಸೂಜಿ ಚುಚ್ಚಿದರು. ಇನ್ನು ಭಯವಿಲ್ಲ ಎಂದು ಡಾಕ್ಟರು ಹೇಳಿದ್ದು ಮರುದಿನ ಬೆಳಿಗ್ಗೆ.

ಸ್ಟೇಷನ್ ರಸ್ತೆಯಲ್ಲಿ ಹೊಸ ಬೆಲ್ಟು ಕೊಂಡು ಬಂದೇನವಾಜ ಖಾಟಿನ ಹತ್ತಿರ ಹೋದ. ಮರೆಪ್ಪ ಕಣ್ಣು ತೆರೆದು ಮೊದಲು ಕೇಳಿದ್ದು ಹೊಲಿಗೆಯನ್ನು. ಒಂದೂ ಬಿಚ್ಚಿಲ್ಲ ಎಂದ ಬಂದೇನವಾಜ.

"ಮತ್ತ ಆ ಕೆಂಪು ದೀಪ?"

ಬಂದೇನವಾಜ ಬಾಯಿಗೆ ಬಂದ ಮಾತು ನುಂಗಿಕೊಂಡು, ಖಾಟಿನ ಪಕ್ಕದಲ್ಲಿದ್ದ ಸೋನಾಬಾಯಿಯ ಕಡೆ ಒಮ್ಮೆ ನೋಡಿ ಹೇಳಿದ.

"ದೊಡ್ಡದಾಗೈತಿ, ಮರೆಪ್ಪಣ್ಣಾ."